ಕೋತಿಗೆ ಬಹುವಚನ

ನಮ್ಮ ಚಿಕ್ಕಮ್ಮನ ಬಾಯಿ ಮುಚ್ಚಿಸಿದವರು ಈ ಭೂಮಿಯ ಮೇಲೆ ಒಬ್ಬರೇ. ಅದು ನಮ್ಮ ಚಿಕ್ಕಪ್ಪನಲ್ಲ, ಪಾಪ. ಮದುವೆಯಾದಂದಿನಿಂದ ಪ್ರಯತ್ನಪಟ್ಟು ಕೈಚೆಲ್ಲಿದ ಮನುಷ್ಯ ಅವರು. ಆ ಸಾಹಸ ಮಾಡಿದ್ದು ಆಫ್ರಿಕಾದ ಮಲಾವಿ ದೇಶದ ಒಂದು ಕೋತಿಮರಿ. ಅಂಗೈ ಮೇಲೆ ಕೂರುವಷ್ಟು ಚಿಕ್ಕದು. 'ಚಿಕ್ಕದು' ಎಂದೆನೆಂದು ಚಿಕ್ಕಮ್ಮನಿಗೆ ಹೇಳಬೇಡಿ. 'ಚಿಕ್ಕವರು' ಅನ್ನಬೇಕು.

ಚಿಕ್ಕಮ್ಮ ಪ್ರಾಣಿಗಳನ್ನು ಏಕವಚನದಲ್ಲಿ ಮಾತಾಡಿಸಿದ್ದನ್ನು ನಾನು ಕೇಳಿಯೇ ಇಲ್ಲ. ರಜೆಗೆ ನಂದಗುಡಿಗೆ ಹೋದರೆ ಬೆಳಗಾಗುತ್ತಲೇ ಕೊಟ್ಟಿಗೆಯಿಂದ ಕೇಳಿಸುತ್ತಿತ್ತು: "ತಾಯಿ, ಸ್ವಲ್ಪ ಈ ಕಡೆ ಜರುಗ್ತೀರಾ? ಹಾಂ, ಕಾಲು ಎತ್ತಿ." ಅದೇ ಉಸಿರಿನಲ್ಲಿ ಒಳಗೆ ಮಲಗಿದ್ದ ನನಗೆ, "ಲೋ, ಎದ್ದೇಳೋ, ದನ ಬಿದ್ಕೊಂಡಂಗೆ ಬಿದ್ಕೊಂಡಿದ್ದೀಯ." ದನಕ್ಕೆ ಬಹುವಚನ, ದನದಂತೆ ಬಿದ್ದುಕೊಂಡವನಿಗೆ ಏಕವಚನ. ಇದು ಯಾವ ವ್ಯಾಕರಣ ಎಂದು ಕೇಳಿದ್ದಕ್ಕೆ ಅವಳ ಉತ್ತರ ಸಿದ್ಧವಾಗಿತ್ತು. "ಅವ್ರು ಬಾಯಿಬಿಟ್ಟು ಕೇಳಕಾಗಲ್ಲ ಕಣೋ, ಮರ್ಯಾದೆ ನಾವೇ ಕೊಡ್ಬೇಕು. ಮನುಷ್ರು ಬಿಡು, ಜಗಳ ಆಡಾದ್ರೂ ಇಸ್ಕೊಂತಾರೆ."

ಊರಿನ ಮಹಿಳಾ ಡೇರಿಗೆ ಅವಳು ಬಹಳ ಕಾಲ ಸೆಕ್ರೆಟರಿಯಾಗಿದ್ದಳು. ಹಾಲು ಹಾಕಲು ಬಂದವರೆಲ್ಲರ ಮನೆಯ ಕಥೆ ಅವಳಿಗೆ ಗೊತ್ತು, ಅವಳ ಮನೆಯ ಕಥೆ ಅವರೆಲ್ಲರಿಗೂ ಗೊತ್ತು. ಆ ಕೆಲಸ ಬಿಟ್ಟ ಮೇಲೆ ಮಾತಿಗೆ ಜನ ಸಾಲದೆ ಒದ್ದಾಡುತ್ತಿದ್ದಾಗ ಜೂಲಿಯ ಫೋನು ಬಂತು. ಜೂಲಿ ಇಂಗ್ಲೆಂಡಿನ ಹುಡುಗಿ. ಹಿಂದೊಮ್ಮೆ ನಮ್ಮ ಕಡೆಯ ಹಳ್ಳಿ ಮಕ್ಕಳಿಗೆ ಪಾಠ ಹೇಳಲು ಬಂದು, ಚಿಕ್ಕಮ್ಮನ ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದು, ಮುದ್ದೆ ನುಂಗುವುದನ್ನೂ ಒಂದಿಷ್ಟು ಕನ್ನಡವನ್ನೂ ಕಲಿತು ಹೋಗಿದ್ದಳು. ಈಗ ಮಲಾವಿಯಲ್ಲಿ, ತಾಯಿ ಸತ್ತ, ಗಾಯಗೊಂಡ ಕಾಡುಪ್ರಾಣಿಗಳನ್ನು ಸಾಕಿ ಮತ್ತೆ ಕಾಡಿಗೆ ಬಿಡುವ ಒಂದು ಕೇಂದ್ರದಲ್ಲಿದ್ದಾಳೆ. ಸ್ವಯಂಸೇವಕರು ಬೇಕಂತೆ. ಸುತ್ತಲಿನ ಹಳ್ಳಿಯ ಹೆಂಗಸರ ಜೊತೆಗೂ ಕೆಲಸವಂತೆ. ಬರ್ತೀರಾ ಆಂಟಿ?

ಚಿಕ್ಕಮ್ಮ ಆ ಕ್ಷಣವೇ ಹೂಂ ಅಂದಳು. ನಾವೆಲ್ಲ ಬೇಡ ಅಂದೆವು. ಪಿಲ್ಲಗುಂಪೆಯ ಫ್ಯಾಕ್ಟರಿಯಿಂದ ಶಿಫ್ಟು ಮುಗಿಸಿ ಬಂದ ಚಿಕ್ಕಪ್ಪ ಶೂ ಬಿಚ್ಚುತ್ತಾ ಹೇಳಿದರು, "ಹೋಗ್ಬರ್ಲಿ ಬಿಡ್ರಪ್ಪ. ಮೂರು ತಿಂಗಳು ತಾನೆ. ಮನೆಗೂ ಒಸಿ ರೆಸ್ಟ್ ಬೇಕು."

ದೇವನಹಳ್ಳಿಯ ಏರ್‌ಪೋರ್ಟಿನಿಂದ ರಾಗಿಹಿಟ್ಟಿನ ಗಂಟಿನೊಂದಿಗೆ ಹೊರಟವಳು, ತಲುಪಿದ ಮರುದಿನವೇ ವಿಡಿಯೋ ಕಾಲ್ ಮಾಡಿದಳು. ಅಲ್ಲಿಯವರು ಊಟಕ್ಕೆ ಮೆಕ್ಕೆಜೋಳದ ಹಿಟ್ಟನ್ನು ಗಟ್ಟಿಯಾಗಿ ತಿರುವಿ, ಕೈಯಲ್ಲಿ ಮುರಿದು, ಸಾರಿನಲ್ಲಿ ಅದ್ದಿ ತಿನ್ನುತ್ತಾರೆ. ಅದನ್ನು ಕ್ಯಾಮೆರಾಗೆ ಹಿಡಿದು ಅಂದಳು, "ನೋಡೋ, ಮುದ್ದೆಯೇ. ಪೌಡರ್ ಬಳ್ಕೊಂಡೈತೆ ಅಷ್ಟೆ."

ಅವಳ ಪಾಲಿಗೆ ಬಂದದ್ದು ಆ ಕೋತಿಮರಿ. ಬೂದು ಮೈ, ಕಪ್ಪು ಮುಖ. ತಾಯಿಯನ್ನು ಯಾರೋ ನಾಯಿ ಬಿಟ್ಟು ಕೊಂದಿದ್ದರು. ಬಾಟಲಿಯಲ್ಲಿ ಹಾಲು ಕುಡಿಸಬೇಕು, ಮೈಶಾಖದಲ್ಲಿ ಇಟ್ಟುಕೊಳ್ಳಬೇಕು. ಚಿಕ್ಕಮ್ಮ ಅದನ್ನು ಸೆರಗಿನೊಳಗೆ ಹಾಕಿಕೊಂಡು, ದಿನವಿಡೀ ನಂದಗುಡಿಯ ಸಮಾಚಾರ ಹೇಳಿದಳು. ಯಾರ ಹಸು ಕರು ಹಾಕಿತು, ಯಾರ ಜಮೀನಿಗೆ ಯಾವ ಪ್ರಾಜೆಕ್ಟ್ ಬರುತ್ತದಂತೆ, ಎಲ್ಲವೂ ಆ ಮರಿಗೆ ತಿಳಿಯಿತು. ಮೂರು ತಿಂಗಳಾಯಿತು, ಆರಾಯಿತು. "ಇವ್ರಿಗೆ ಇನ್ನೂ ಹಲ್ಲು ಗಟ್ಟಿಯಾಗಿಲ್ಲ, ಹೆಂಗ್ ಬಿಟ್ಟು ಬರ್ಲಿ?" ಎಂದು ಅಲ್ಲೇ ಉಳಿದಳು.

ಒಂದು ಭಾನುವಾರ ನಂದಗುಡಿಗೆ ಹೋದೆ. ಕೊಟ್ಟಿಗೆಯಲ್ಲಿ ಗಂಡು ದನಿ. "ಒಸಿ ಜರುಗಿ ತಾಯಿ. ದಯವಿಟ್ಟು." ನೋಡಿದರೆ ಚಿಕ್ಕಪ್ಪ, ಕೈಯಲ್ಲಿ ಚೊಂಬು. ನನ್ನನ್ನು ಕಂಡು ನಾಚಿಕೊಂಡರು. "ಏನ್ ಮಾಡ್ಲಪ್ಪಾ, ಏಕವಚನದಲ್ಲಿ ಕೇಳ್ದ್ರೆ ಹಾಲೇ ಕೊಡ್ಲಿಲ್ಲ." ಆಮೇಲೆ ಚೊಂಬು ಕೆಳಗಿಟ್ಟು, "ಅವಳು ಯಾವಾಗ ಬರ್ತಾಳಂತೆ? ನಿಂಗೇನಾರ ಹೇಳಿದ್ಳಾ?" ಎಂದು ಕೇಳಿದರು. ಮನೆಗೆ ರೆಸ್ಟು ಸಾಕಾಗಿತ್ತು.

ಮರಿ ಬೆಳೆಯಿತು. ಅದನ್ನು ದೊಡ್ಡ ಬೋನಿಗೆ, ಬೇರೆ ಕೋತಿಗಳ ಗುಂಪಿಗೆ ಸೇರಿಸಿದರು. ಅಂದಿನಿಂದ ಕೇಂದ್ರದ ನಿಯಮ: ಮರಿಯ ಹತ್ತಿರ ಯಾರೂ ಮಾತಾಡಕೂಡದು, ಮುಖ ಕೊಟ್ಟು ನೋಡಕೂಡದು. ಮನುಷ್ಯರ ದನಿ ಕೇಳಿದರೆ ಓಡಿಬರುವ ಕೋತಿ ಕಾಡಿನಲ್ಲಿ ಉಳಿಯುವುದಿಲ್ಲ. ಯಾರ ಹೊಲಕ್ಕೋ ಹೋಗುತ್ತದೆ, ಕವಣೆ ಕಲ್ಲಿಗೆ ಸಿಗುತ್ತದೆ.

ಆ ವಾರ ಫೋನ್ ಮಾಡಿದಾಗ ಅವಳ ದನಿ ಪಿಸುಗುಡುತ್ತಿತ್ತು. ಚಿಕ್ಕಪ್ಪ ಗಾಬರಿಯಾದರು. "ಗಂಟ್ಲು ಹೋಗೈತಾ?"

"ಇಲ್ಲ. ಬೋನು ಹತ್ರ ಐತೆ. ಮಾತಾಡಂಗಿಲ್ಲ ಅಂದವ್ರೆ."

"ಯಾರು ಅಂದಿದ್ದು? ಒಸಿ ಅವ್ರ ನಂಬರ್ ಕೊಡು."

ನಗಬೇಡಿ, ಅವಳು ನಿಯಮ ಪಾಲಿಸಿದಳು. ಹಣ್ಣಿನ ತಟ್ಟೆ ಒಳಗೆ ತಳ್ಳುವಾಗ ಮರಿ ಸರಳುಗಳ ಸಂದಿಯಿಂದ ಕೈ ಚಾಚಿ ಸೆರಗು ಹಿಡಿಯುತ್ತಿತ್ತಂತೆ. ಬಿಡಿಸಿಕೊಂಡು, ತುಟಿ ಕಚ್ಚಿಕೊಂಡು, ಸೀದಾ ಹಳ್ಳಿಗೆ ನಡೆಯುತ್ತಿದ್ದಳು. ಅಲ್ಲಿ ಎಸ್ತರ್ ಎಂಬ ಹೆಂಗಸಿನ ಪಕ್ಕ ಕೂತು ಇಡೀ ದಿನದ ಮಾತನ್ನೆಲ್ಲ ಸುರಿಯುತ್ತಿದ್ದಳು. ಇವಳು ಕನ್ನಡದಲ್ಲಿ, ಅವಳು ಅವಳ ಭಾಷೆಯಲ್ಲಿ. ಅರ್ಥ ಆಗ್ತಿತ್ತಾ ಎಂದು ಆಮೇಲೆ ಕೇಳಿದೆ. "ಅವ್ಳು ಅವಳತ್ತೆನ ಬೈತಿದ್ಲು ಕಣೋ. ಅದಕ್ಕೆ ಭಾಷೆ ಯಾಕೆ?"

ತೊಡಕು ಬಂದದ್ದು ಕೋತಿಗಳನ್ನು ಬಿಡುವ ಕಾಲಕ್ಕೆ. ಬಿಡಬೇಕಾದ ಕಾಡು ಎಸ್ತರಳ ಮೆಕ್ಕೆಜೋಳದ ಹೊಲದ ಅಂಚಿನಲ್ಲೇ. ತೆನೆ ಹಾಲುಗಟ್ಟಿದೆ. ಮಾವಿನ ಮರದ ಕೆಳಗೆ ಊರವರ ಸಭೆ ಸೇರಿತು. ಎಸ್ತರ್ ಎದ್ದು ನಿಂತು, "ನೀವು ಸಾಕಿ ಬಿಡ್ತೀರಿ, ಆಮೇಲೆ ಉಣ್ಣಿಸೋರು ನಾವು. ನನ್ನ ಮಕ್ಕಳು ವರ್ಷವಿಡೀ ಏನು ತಿನ್ನಬೇಕು?" ಎಂದು ಕೇಳಿದಳು. ಊರು ಒಪ್ಪದೆ ಬಿಡುವಂತಿಲ್ಲ. ಬಿಡದಿದ್ದರೆ ಆ ಕೋತಿಗಳು ಇನ್ನೊಂದು ವರ್ಷ ಬೋನಿನಲ್ಲಿ. ಜೂಲಿ ಎಲ್ಲವನ್ನೂ ಕನ್ನಡದಲ್ಲಿ ತಿಳಿಸಿ ಚಿಕ್ಕಮ್ಮನ ಕಡೆ ನೋಡಿದಳು, ಗೆಳತಿಗೆ ಸಮಾಧಾನ ಹೇಳಲಿ ಎಂದು.

ಚಿಕ್ಕಮ್ಮ ಎದ್ದು ಕನ್ನಡದಲ್ಲೇ ಹೇಳಿದಳು, "ಅವ್ಳು ಹೇಳೋದು ಸರಿಯಾಗೈತೆ. ನಮ್ಮ ಕಡೆನೂ ಬೆಂಗಳೂರಿನ ಕೋತಿ ಹಿಡ್ಕಂಡ್ ಬಂದು ಊರ ಪಕ್ಕ ಬಿಟ್ಟು ಹೋಯ್ತಾರೆ. ಅವರೆಕಾಯಿ ಒಂದೂ ಉಳಿಯಾಕಿಲ್ಲ. ಬಿಡೋರು ಕಾವಲೂ ಕಾಯ್ಬೇಕು. ತೆನೆ ಮನೆ ಸೇರೋಗಂಟ ನಮ್ಮೋರು ಒಬ್ರು, ಇವ್ರ ಕಡೆಯಿಂದ ಒಬ್ರು, ಜೋಡಿ ಜೋಡಿಯಾಗಿ ಹೊಲದಾಗೆ ಕೂರಾಣ. ಮೊದಲ್ನೇ ಪಾಳಿ ನಂದು."

ಜೂಲಿ ಬೆವರುತ್ತಲೇ ಅದನ್ನು ಇಂಗ್ಲಿಷಿಗೆ ತಿರುಗಿಸಿದಳು. ಇನ್ನೊಬ್ಬರು ಊರಿನ ಭಾಷೆಗೆ ತಿರುಗಿಸಿದರು. ಎಸ್ತರ್ ಆಗಲಿ ಎಂದು ತಲೆಯಾಡಿಸಿದಳು, ಊರೂ ಒಪ್ಪಿತು.

ಮುಂದಿನದನ್ನು ಚಿಕ್ಕಮ್ಮ ನನಗೆ ಹೇಳಿದ್ದು ಏರ್‌ಪೋರ್ಟಿನಿಂದ ಮನೆಗೆ ಕರೆತರುವಾಗ, ಕಾರಿನಲ್ಲಿ. ಪಕ್ಕದಲ್ಲಿ ಅವಳು, ಹಿಂದಿನ ಸೀಟಿನಲ್ಲಿ ಚಿಕ್ಕಪ್ಪ.

ಬೋನಿನ ಬಾಗಿಲು ತೆಗೆದಾಗ ದೊಡ್ಡ ಕೋತಿಗಳು ಹೊರಟವು. ಮರಿ ಕೊನೆಯಲ್ಲಿ ಹೊರಟಿತು. "ಎಲ್ರಿಗೂ ಹೋಗ್ಬಿಟ್ಟು ಬನ್ನಿ ಅಂತೀವಲ್ಲ, ಮನಸ್ನಲ್ಲೂ ಹಂಗನ್ನೋ ಹಂಗಿರ್ಲಿಲ್ಲ ಕಣೋ. ಬರ್ಬಾರ್ದು ಅವ್ರು. ಬರೀ ಹೋಗಿ ಅಂತ ಹೆಂಗಪ್ಪಾ ಅನ್ನೋದು? ಸುಮ್ನೆ ನಿಂತ್ಕಂಡೆ."

ಕೆಲವು ದಿನ ಕಳೆದವು. ಚಿಕ್ಕಮ್ಮ, ಎಸ್ತರ್ ಹೊಲದಲ್ಲಿ ಕಾವಲಿದ್ದರು. ಗುಂಪು ಅಂಚಿನ ಮರದಲ್ಲಿ ಕಾಣಿಸಿತು. ಎಸ್ತರ್ ತಗಡು ಬಡಿದಳು, ಎಲ್ಲ ಚದುರಿದವು. ಒಂದು ಮಾತ್ರ ಮರದಿಂದಿಳಿದು ಬದುವಿನ ಮೇಲೆ ಕೂತಿತು. ಚಿಕ್ಕಮ್ಮನನ್ನು ನೋಡಿ ಸಣ್ಣಗೆ ಕೂಗಿತು. ಆಮೇಲೆ ಸೀದಾ ಅವಳ ಕಡೆಗೇ ನಡೆದು ಬಂತು.

ಎಸ್ತರ್ ಬಡಿಯುವುದನ್ನು ನಿಲ್ಲಿಸಿದಳು. ತಗಡನ್ನು ಕೆಳಗಿಟ್ಟು ಚಿಕ್ಕಮ್ಮನ ಮುಖ ನೋಡಿದಳು. ಓಡಿಸುವ ಮನಸ್ಸು ಅವಳಿಗೂ ಬರಲಿಲ್ಲ.

"ಇವತ್ತು ನನ್ನ ಹತ್ರ ಬಂದೋರು ನಾಳೆ ಇನ್ಯಾರ ಹತ್ರನೋ ಹೋಗ್ತಾರೆ. ಅವ್ರ ಕೈಯಾಗೆ ಕಲ್ಲಿರ್ತೈತೆ," ಅಂದಳು ಚಿಕ್ಕಮ್ಮ. "ನಾನೇ ತಗಡು ಎತ್ಕಂಡೆ ಕಣೋ. ಅವ್ರ ಮುಖಕ್ಕೆ ಮುಖ ಕೊಟ್ಟು ಬಡ್ದೆ. ಮೊದ್ಲು ಆಟ ಅಂದ್ಕಂಡ್ರು. ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಬಂದ್ರು. ನಾನು ಬಡೀತಾ ಅಟ್ಟಿಸ್ಕಂಡೇ ಹೋದೆ. ಹಂಗೆ ಹೆದ್ರಿಕೊಂಡು ನೋಡಿದ್ರು ನನ್ನ. ಆಮೇಲೆ ಓಡೋದ್ರು. ತಿರುಗೀನೂ ನೋಡ್ಲಿಲ್ಲ."

ನಾನು ಸೂಲಿಬೆಲೆ ರಸ್ತೆಯಲ್ಲಿ ಕಾರು ನಿಧಾನ ಮಾಡಿದೆ. ಹಿಂದೆ ಚಿಕ್ಕಪ್ಪ ಮೂಗೆಳೆದುಕೊಂಡದ್ದು ಕೇಳಿಸಿತು.

"ತಗಡು ಬಿಸಾಕಿ ಅಲ್ಲೇ ಸಾಲಿನಾಗೆ ಕೂತ್ಕಂಡು ಜೋರಾಗಿ ಅತ್ಬಿಟ್ಟೆ. ಅವಾಗ ಎಸ್ತರ್ ಓಡ್ಬಂದು ಆ ತಗಡು ಎತ್ಕಂಡು ಬಡಿಯಕ್ಕೆ ಶುರು ಮಾಡಿದ್ಲು ನೋಡು. ಕೋತಿ ಒಂದೂ ಇಲ್ಲ, ಇವ್ಳು ಬಡೀತಾನೇ ಅವ್ಳೆ, ಬಡೀತಾನೇ ಅವ್ಳೆ."

"ಯಾಕೆ?" ಅಂದೆ.

ಚಿಕ್ಕಮ್ಮ ಕಿಟಕಿಯ ಕಡೆ ತಿರುಗಿ ಹೇಳಿದಳು, "ನನ್ನ ದನಿ ಅವ್ರಿಗೆ ಕೇಳಿಸ್ಬಾರ್ದಲ್ಲಾ ಅಂತ."