ಐದೂವರೆ ಗೇಣಿನ ಪಾಟಾ

ನನ್ನ ಸೋದರಮಾವನಿಗೆ ಯಾರ ಮುಖವೂ ನೆನಪಿರುತ್ತಿರಲಿಲ್ಲ. ಮುಖ ನೋಡಿದರೆ ತಾನೆ ನೆನಪಿರುವುದು! ಅವನು ನೋಡುತ್ತಿದ್ದದ್ದು ಜನ ಬಂದಿಳಿದ ಕಾರುಗಳ ಹಿಂಭಾಗವನ್ನು, ಅದೂ ಅಡಿಯಿಂದ. ಭಟ್ಕಳದ ಒಂದು ಮದುವೆಯಲ್ಲಿ ಧಾರೆಯ ಹೊತ್ತಿಗೆ ಮಾವ ಕಾಣೆ. ಹುಡುಕಿದರೆ ಮದುಮಗನ ಕಾರಿನಡಿ ಅಂಗಾತ ಮಲಗಿ ಗೇಣು ಹಾಕುತ್ತಿದ್ದಾನೆ! "ಏ ತಮಾ, ಇದರ ಪಾಟಾ ನಮ್ಮ ಗಾಡಿಗೂ ಆಗ್ತು!" ಎಂದ. ಹುಡುಗನ ಕಡೆಯವರು ಕೂಡಲೇ ಕಾರಿಗೆ ಕಾವಲು ಹಾಕಿದರು.

ಪಾಟಾ ಎಂದರೆ ಹಿಂಚಕ್ರದ ಮೇಲೆ ಗಾಡಿಯ ಭಾರ ಹೊರುವ, ಒಂದರ ಮೇಲೊಂದು ಪೇರಿಸಿದ ಉಕ್ಕಿನ ಪಟ್ಟಿಗಳು. ಮಾವನದು ಯುದ್ಧಕ್ಕೂ ಮೊದಲಿನ ಅಮೆರಿಕದ ಕಾರು. ಅರವತ್ತರ ದಶಕದಲ್ಲಿ ಅದರ ಸಾಮಾನು ಅಮೆರಿಕದಲ್ಲೇ ಸಿಗುತ್ತಿತ್ತೋ ಇಲ್ಲವೋ, ಇನ್ನು ಭಟ್ಕಳದಲ್ಲಿ? ಆದರೆ ಮಾವನ ಸಿದ್ಧಾಂತ ಸರಳ. ಯಾವುದರ ಪಾಟಾ ಯಾವುದಕ್ಕೂ ಆಗ್ತು!

ಎಡಗಡೆಯದು ಮುರಿದಾಗ ಕುಮಟೆಯ ಹಳೇ ಕಬ್ಬಿಣದಂಗಡಿಯ ಸಾಹೇಬರಿಗೆ ಕಾರ್ಡು ಬರೆದ: 'ಐದೂವರೆ ಗೇಣಿನದು ಕಳಿಸಿ.' ಮಾವ ಕುಳ್ಳ, ಸಾಹೇಬರು ಆರಡಿಯ ಆಳು. ಅವರು ತಮ್ಮ ಗೇಣಿನಲ್ಲಿ ಅಳೆದು ಇಂಗ್ಲೆಂಡಿನ ಯಾವುದೋ ಗಾಡಿಯದನ್ನು ಕಳಿಸಿಬಿಟ್ಟರು. ಜಗಳಕ್ಕೆ ಹೋದರೆ, "ಪಾಟಾ ಸರಿ ಇದೆ ಮಾರಾಯ್ರೆ, ನಿಮ್ಮ ಕೈಯೇ ಗಿಡ್ಡ!" ಎಂದರಂತೆ. ಮಾವ ಸೋಲುವವನೇ? ಕಮ್ಮಾರನಿಂದ ಕಾಯಿಸಿ, ಬಗ್ಗಿಸಿ ಕೂರಿಸಿದ. ಅಂದಿನಿಂದ ಕಾರು ಎಡಗಡೆಯ ಕುಂಡೆ ಎತ್ತಿಕೊಂಡೇ ಓಡಾಡಿತು. ಹಿಂದೆ ಕೂತವರೆಲ್ಲ ಬಲಕ್ಕೆ ಜಾರಿ ಒಬ್ಬರ ತೊಡೆಯ ಮೇಲೊಬ್ಬರು! ಅತ್ತೆಯಂತೂ "ನಾ ಬಸ್ಸಿಗೇ ಬತ್ತೆ" ಎಂದು ಕೈಮುಗಿದಳು.

ಅಂಥ ಕಾರಿನಲ್ಲಿ ನನ್ನ ಹೆಂಡತಿ ಹೆರಿಗೆಗೆ ಹೋಗಬೇಕಾಯಿತು. ಬೆಳಿಗ್ಗೆ ನೋವು ಶುರುವಾದಾಗ ಊರಿನ ಡಾಕ್ಟರು, "ಮಗು ಅಡ್ಡ ತಿರುಗಿದೆ. ಕುಮಟೆಯ ಆಸ್ಪತ್ರೆಗೆ ಒಯ್ಯಿರಿ. ಕುಲುಕಬಾರದು" ಎಂದರು. ಕುಲುಕಬಾರದಂತೆ! ಆಗ ಸಿಕ್ಕಿದ್ದು ಮಾವನ ಗಾಡಿಯೊಂದೇ. ಪ್ರತಿ ಹೊಂಡಕ್ಕೂ ಆ ಇಂಗ್ಲೆಂಡಿನ ಪಾಟಾ ಅವಳನ್ನು ಎತ್ತಿ ಒಗೆಯುತ್ತಿತ್ತು. ಅವಳು ಚೀರಿದಾಗಲೆಲ್ಲ ನನ್ನ ಜೀವ ಬಾಯಿಗೆ ಬರುತ್ತಿತ್ತು. ಸ್ಟೇರಿಂಗು ಹಿಡಿದ ಮಾವ ಹೊಂಡ ತಪ್ಪಿಸಲು ರಸ್ತೆಯ ಈ ಅಂಚಿನಿಂದ ಆ ಅಂಚಿಗೆ ಗಾಡಿ ಹೊರಳಿಸುತ್ತಿದ್ದ.

ಹೊನ್ನಾವರದಲ್ಲಿ ಶರಾವತಿ ದಾಟಬೇಕು. ಗಾಡಿ ದಾಟಿಸುವ ಜಂಗಲು ಆಚೆ ದಡದಲ್ಲಿತ್ತು. ಹೆಂಡತಿಯನ್ನು ಇಳಿಸಿ ನೆರಳಲ್ಲಿ ಮಲಗಿಸಿದೆವು. ಮಾವ ಕಾರಿನಡಿ ನುಗ್ಗಿದ. "ಮಾವ, ಈಗ ಎಂತ ಮಾಡ್ತೆ?" ಎಂದು ಕಿರುಚಿದೆ. ಅವನು ಪಾಟಾದಿಂದ ಎರಡು ಪಟ್ಟಿ ಕಿತ್ತು ಹೊರಗೆಸೆದ. ಒಂದು ನಟ್ಟನ್ನೂ ಬಿಸಾಡಿದವನಲ್ಲ!

ಹೊಳೆ ದಾಟಿದ ಮೇಲೆ ಸ್ಟೇರಿಂಗು ಬಿಟ್ಟು ಇಳಿದ. "ನೀ ಹೊಡಿ. ಈಗ ಮೆತ್ತಗೆ ಇದ್ದು, ಆದ್ರೆ ಮೂರು ಜನಕ್ಕೆ ಆಗ್ತಿಲ್ಲೆ."

ಆಗ್ತಿಲ್ಲೆ! ಅವನ ಬಾಯಲ್ಲಿ ಆ ಮಾತು ಕೇಳಿದ್ದು ಅದೇ ಮೊದಲು. ನನಗೋ ಅರೆಬರೆ ಡ್ರೈವಿಂಗು. "ನೀನು?" ಎಂದೆ.

"ನಾ ಹಿಂದಿಂದ ಬತ್ತೆ. ನಿಧಾನ ಹೋಗು."

ಹೇಗೆ ತಲುಪಿದೆನೋ ದೇವರಿಗೇ ಗೊತ್ತು. ಗಾಡಿ ತೊಟ್ಟಿಲಿನಂತೆ ತೂಗುತ್ತ ಹೋಯಿತು. ಮೂರು ತಾಸಿನ ಮೇಲೆ ಡಾಕ್ಟರು ಹೊರಬಂದು ಹೆಣ್ಣುಮಗು, ಇಬ್ಬರೂ ಕ್ಷೇಮ ಎಂದಾಗ ಗೋಡೆಗೊರಗಿ ಅತ್ತುಬಿಟ್ಟೆ.

ಸಂಜೆ ಗೇಟಿನ ಬಳಿ ಹೋದರೆ ಹೊರಗೆ ಮಾವ ನಿಂತಿದ್ದಾನೆ. ಮೊಣಕಾಲಿನವರೆಗೆ ಕೆಂಪು ಧೂಳು, ಕೈಯಲ್ಲಿ ಹರಿದ ಚಪ್ಪಲಿ.

"ಬಸ್ಸು ಸಿಕ್ಕಿದ್ದಿಲ್ಯನ ಮಾವ?"

"ಕಾಯ್ತಾ ಕೂರಲೆ ಆಜಿಲ್ಲೆ ತಮಾ. ನಡದೇ ಬಂದೆ. ಬಂದು ತಾಸಾತು, ಒಳಗೆ ಕೇಳಲೆ ಹೆದರಿಕೆ ಆತು."

ಹೇಳಿದೆ. ಅವನು ಗೇಟಿನ ಮೆಟ್ಟಿಲ ಮೇಲೆ ಕುಸಿದು ಕೂತ. "ಕೂಸು ನೋಡ್ತ್ಯಾ, ಬಾ" ಎಂದರೆ, "ಧೂಳು ಇದ್ದು, ಕಾಲು ತೊಳ್ಕಂಡು ಬತ್ತೆ" ಎಂದು ಏಳಲು ನೋಡಿದ. ಆಗಲಿಲ್ಲ. ಪಾದದ ತುಂಬ ಬೊಬ್ಬೆ ಒಡೆದಿದ್ದವು. ನಾನೇ ಬಾವಿಯಿಂದ ನೀರು ಸೇದಿ ತಂದು, ಆ ಕಾಲುಗಳನ್ನು ತೊಳೆದೆ.