ಬಾವಿಗೆ ಬೆನ್ನು ಹಾಕಿದವನು

ಇತಿಹಾಸ ಕಲಿಸುವವನಿಗೆ ಸಂಬಳ ಬರುವುದೇ ಮಾತಿಗೆ. ಅದಕ್ಕೇ ನಾನು ಮಾತಾಡುತ್ತೇನೆ. ಕಾಲೇಜಿನಲ್ಲಿ ಮಾತಾಡಿದೆ, ನಿವೃತ್ತನಾದ ಮೇಲೆ ಕೇಳುವವರಿಲ್ಲದೆ ಮನೆಯಲ್ಲಿ ಮಾತಾಡಿದೆ. ಒಂದು ದಿನ ರೊಟ್ಟಿ ಬಡಿಯುತ್ತಿದ್ದ ಹೆಂಡತಿ ಸುಶೀಲಾಗೆ ಆದಿಲಶಾಹಿ ಕಾಲದ ಕಂದಾಯ ಪದ್ಧತಿಯನ್ನು ವಿವರಿಸುತ್ತಿದ್ದೆ. ಆಕೆ ಹಿಟ್ಟಿನ ಕೈ ಮುಗಿದು, "ಇದನ್ನೆಲ್ಲಾ ಊರ ಮಂದಿಗೆ ಹೇಳ್ರಿ. ನಾ ಒಬ್ಬಾಕಿನ ಎಷ್ಟಂತ ಪುಣ್ಯ ಕಟ್ಟಿಕೊಳ್ಳಲಿ?" ಅಂದಳು. ನಮ್ಮ ಮುದ್ದೇಬಿಹಾಳದಲ್ಲಿ ಭಾನುವಾರದ ಇತಿಹಾಸ ನಡಿಗೆ ಹುಟ್ಟಿದ್ದು ಹೀಗೆ. ಈಗ ಇಂಡಿ, ಸಿಂದಗಿ ಊರಿನವರು ಕೂಡ ಕರೆಯುತ್ತಾರೆ. ಅವರ ಊರನ್ನು ಅವರಿಗೇ ತೋರಿಸುವ ಧೈರ್ಯ ನನಗೆಲ್ಲಿಂದ ಬಂತೋ!

ಮೊನ್ನೆಯ ನಡಿಗೆ ಮಾತ್ರ ಹುಡುಗಾಟದ್ದಾಗಿರಲಿಲ್ಲ. ಹಳೆಯ ಓಣಿಯ ತುದಿಯಲ್ಲೊಂದು ಮೆಟ್ಟಿಲು ಬಾವಿ ಇದೆ. ಅದನ್ನು ಮುಚ್ಚಿ ಅಂಗಡಿ ಸಾಲು ಕಟ್ಟಬೇಕೆಂಬ ಮಾತು ಎದ್ದಿತ್ತು. ನಡಿಗೆಯ ಮರುದಿನವೇ ಇದ್ದ ಪುರಸಭೆಯ ಸಭೆಯಲ್ಲಿ ನಮ್ಮ ವಾರ್ಡಿನ ಮೆಂಬರ್ ಹೂಂ ಅಂದರೆ ಮುಗಿಯಿತು, ಬಾವಿಗೆ ಮಣ್ಣೇ ಗತಿ. ಅದಕ್ಕೇ ಅವರನ್ನೇ ನಡಿಗೆಗೆ ಕರೆದೆ. "ಬರ್ತೇನ್ರಿ ಸರ್. ಆದ್ರ ಲಗೂ ಮುಗಸ್ರಿ, ಮಧ್ಯಾಹ್ನ ಒಂದು ಮದಿವಿ ಐತಿ" ಅಂದರು. ಬಾವಿಯ ಮುಂದೆ ಮಾಡಬೇಕಾದ ಭಾಷಣವನ್ನು ಕನ್ನಡಿಯ ಮುಂದೆ ರೂಢಿ ಮಾಡಿಕೊಂಡೆ. ಕನ್ನಡಿಯಲ್ಲಿದ್ದವನಂತೂ ಬಹಳ ಮೆಚ್ಚಿದ.

ಆದರೆ ನಮ್ಮ ಕಡೆ ಓಣಿಯಲ್ಲಿ ಸುಮ್ಮನೆ ನಡೆದು ಹೋಗುವುದು ಸಾಧ್ಯವೇ? "ಹಾಂಗ ಹೊಂಟ್ರ ಹೆಂಗ್ರಿ? ಚಾ ಕುಡದ ಹೋಗ್ರಿ" ಎಂದು ಕಟ್ಟೆ ಕಟ್ಟೆಯಿಂದಲೂ ಕರೆ. ಮೆಂಬರ್ ಬೇಡವೆನ್ನುವಂತಿಲ್ಲ, ಪ್ರತಿ ಮನೆಯಲ್ಲೂ ಓಟುಗಳಿವೆ. ಸುಟ್ಟ ನಾಲಿಗೆಯಲ್ಲೇ ನಾನು ಹಳೆಯ ವಾಡೆ ಮನೆಗಳ ಬಾಗಿಲು, ತೊಲೆ, ಕಂಬಗಳನ್ನು ವರ್ಣಿಸುತ್ತ ಹೋದೆ. ಮೆಂಬರ್ ಆಕಳಿಸಿದರು, ಗಡಿಯಾರ ನೋಡಿದರು. ನಾನು ವರ್ಣನೆ ಅರ್ಧಕ್ಕೇ ಬಿಟ್ಟು ಹೆಜ್ಜೆ ಚುರುಕು ಮಾಡಿದೆ.

ಅಂತೂ ಬಾವಿ ಬಂತು. ಎಂದಿನಂತೆ ಬಾವಿಗೆ ಬೆನ್ನು ಹಾಕಿ, ಮಂದಿಗೆ ಮುಖ ಮಾಡಿ ನಿಂತು, ಗಂಟಲು ಸರಿಪಡಿಸಿಕೊಂಡು "ಬಂಧುಗಳೇ" ಅಂದೆ. ಅಂದು ನಡಿಗೆಗೆ ಜೊತೆಯಾಗಿ ಬಂದಿದ್ದ ಸುಶೀಲಾ ಪಕ್ಕಕ್ಕೆ ಬಂದು ತೋಳು ಹಿಡಿದಳು. "ಅವ್ರನ್ನ ನೋಡ್ರಿ. ಒಂದ್ ಸಲ ಸುಮ್ನ ಇರ್ರಿ," ಅಂದಳು ಮೆಲ್ಲಗೆ. ಮೆಂಬರ್ ನನ್ನ ಕಡೆ ನೋಡುತ್ತಲೇ ಇರಲಿಲ್ಲ. ಚಪ್ಪಲಿ ಬಿಟ್ಟು ಮೆಟ್ಟಿಲಿಳಿಯುತ್ತಿದ್ದರು. ಬೇರೆ ದಾರಿ ಕಾಣದೆ ನಾನೂ ಹಿಂದಕ್ಕೆ ತಿರುಗಿದೆ.

ಅಬ್ಬಾ! ಬಿಸಿಲು ಆಗಷ್ಟೇ ಬಾವಿಗೆ ಇಳಿಯುತ್ತಿತ್ತು. ನೀರಿನ ಬೆಳಕು ಕಲ್ಲಿನ ಗೋಡೆಯ ಮೇಲೆಲ್ಲ ಓಡಾಡುತ್ತಿತ್ತು. ಒಂದೊಂದು ಮೆಟ್ಟಿಲಿನ ನಡುವೆಯೂ ತುಳಿದು ತುಳಿದು ಸವೆದ ತಗ್ಗು. ದಂಡೆಯ ಕಲ್ಲಿನಲ್ಲಿ ಹಗ್ಗ ಉಜ್ಜಿದ ಗೀರುಗಳು. ಬೆರಳಿಟ್ಟರೆ ಬೆರಳೇ ಮುಳುಗಿತು. ನಾರಿನ ಹಗ್ಗ ಕರಿಗಲ್ಲನ್ನು ಇಷ್ಟು ಕೊರೆಯಬೇಕಾದರೆ ಎಷ್ಟು ಕೊಡ ಮೇಲೆ ಬಂದಿರಬೇಕು, ಎಷ್ಟು ತಾಯಂದಿರ ರಟ್ಟೆ ಸೋತಿರಬೇಕು! ಈ ಬಾವಿಯನ್ನು ಕಟ್ಟಿಸಿದವರು ಯಾರು, ಯಾವಾಗ, ಏಕೆ ಎಲ್ಲವೂ ನನಗೆ ಬಾಯಿಪಾಠ. ಬಾವಿಯನ್ನು ಮಾತ್ರ ನಾನು ನೋಡಿರಲೇ ಇಲ್ಲ. ಬಂದಾಗಲೆಲ್ಲ ಅದಕ್ಕೆ ಬೆನ್ನು ಹಾಕಿ ಅದರ ಬಗ್ಗೆ ಹೇಳಿ ಹೋಗಿದ್ದೆ.

ಮೆಂಬರ್ ಮುಖ ತೊಳೆದುಕೊಂಡು ನಿಧಾನವಾಗಿ ಮೇಲೆ ಬಂದರು.

"ನಮ್ಮ ಆಯಿ, ಅವ್ವನ ಅವ್ವ, ಇಲ್ಲೇ ನೀರು ಸೇದತಿದ್ಲು. ಇದನ್ನ ಮುಚ್ಚಾಕ ನಾ ಒಪ್ಪಂಗಿಲ್ರಿ ಸರ್. ನಾಳೆ ಸಭಾದಾಗೂ ಇದನ್ನ ಹೇಳ್ತೇನಿ. ಆದ್ರ ನಂದೊಂದು ಮಾತು ನಡಸಬೇಕ್ರಿ."

"ಹೇಳ್ರಿ, ಹೇಳ್ರಿ," ಅಂದೆ. ಸಂತೋಷಕ್ಕೆ ನನ್ನ ಕಣ್ಣು ತುಂಬಿತ್ತು.

"ಮಂದೀನ ಕರಕೊಂಡ್ ಬರ್ರಿ, ವಾರಾ ವಾರಾ ಬರ್ರಿ. ಬಾವಿ ಹತ್ರ ಬಂದ ಮ್ಯಾಲ ಮಾತ್ರ ನೀವು ಮಾತಾಡಬ್ಯಾಡ್ರಿ."

ಸುಶೀಲಾ ಸೆರಗು ಬಾಯಿಗಿಟ್ಟುಕೊಂಡು ಅತ್ತ ತಿರುಗಿದಳು. ನಾನು ಒಪ್ಪಿಕೊಂಡೆ. ಇಡೀ ಜೀವಮಾನದಲ್ಲಿ ಈ ಇತಿಹಾಸಕಾರ ಉಳಿಸಿದ್ದು ಇದೊಂದನ್ನೇ. ಅದೂ ಬಾಯಿ ಮುಚ್ಚಿಕೊಂಡು. ಇಷ್ಟನ್ನು ಹೇಳಲು ಮತ್ತೆ ಎಷ್ಟು ಮಾತಾಡಿಬಿಟ್ಟೆ, ನೋಡಿ.