ಅಪ್ಪನ ಜಿರಾಫೆ

ಬುಧವಾರ ಬೆಳಿಗ್ಗೆ ಒಂಬತ್ತೂವರೆಗೆ, ಹಲ್ಲಿನ ಸೆಟ್ಟು ತಯಾರಿಸುವ ಕಸುಬಿನ ಯಜಮಾನರು ಮನೆಯ ಮೂರೂ ಮೊಬೈಲುಗಳನ್ನು ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಅದು ಅವರ ವಾರದ ರಜೆ.

"ಇವತ್ತು ಯಾರೂ ಫೋನು ತಿಕ್ಕುತ್ತಾ ಕೂರೋ ಹಾಗಿಲ್ಲ. ಬಿಡುವು ಅಂದ್ರೇನು ಅಂತ ನಾನು ತೋರಿಸ್ತೀನಿ!"

"ತೋರಿಸಿ," ಎಂದರು ಹೆಂಡತಿ. "ಆದ್ರೆ ಹನ್ನೆರಡಕ್ಕೆ ಮಗಳಿಗೆ ಲೈಬ್ರರಿಯಿಂದ ಫೋನ್ ಬರುತ್ತೆ, ತಲೇಲಿರಲಿ."

ಅದು ನೌಕರಿಯ ಫೋನು. ಎರಡು ಸಲ ಎತ್ತದಿದ್ದರೆ ಪಟ್ಟಿಯಲ್ಲಿರುವ ಮುಂದಿನವರನ್ನು ಕರೆಯುತ್ತೇವೆಂದು ಸಂದರ್ಶನದಲ್ಲೇ ಹೇಳಿದ್ದರು.

"ಹನ್ನೊಂದೂ ಮುಕ್ಕಾಲಿಗೇ ತೆಗೀತೀನಿ. ಕೀ ನನ್ನ ಹತ್ರಾನೇ ಇರುತ್ತಲ್ಲ!"

ಆಮೇಲೆ ಅವರು ಊಟದ ಮೇಜಿನ ಮೇಲೆ ಹಳೇ ಪೇಪರು ಹಾಸಿ, ಕುರ್ಚಿಯ ಪಕ್ಕ ನೆಲದ ಮೇಲಿಟ್ಟ ಬೇಸಿನ್ನಿನಲ್ಲಿ ಪ್ಲಾಸ್ಟರು ಕಲಸತೊಡಗಿದರು. ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನೋಡಿದರು.

"ವಾರವೆಲ್ಲ ಮಾಡೋದೂ ಇದೇ ಅಲ್ವೇನ್ರೀ?"

"ಅಲ್ಲಿ ಹಲ್ಲು, ಇಲ್ಲಿ ಪ್ರಾಣಿ. ಅದು ಹೊಟ್ಟೆಪಾಡು, ಇದು ಹವ್ಯಾಸ!"

ಮೊದಲು ಆಮೆಯಾಯಿತು. ಕರಡಿಯೂ ಆಯಿತು, ಹತ್ತಿರದಿಂದ ನೋಡಿದರೆ ಅದು ದವಡೆಹಲ್ಲಿನಂತಿತ್ತು. ಮೂರನೆಯದು ಜಿರಾಫೆ. ಅದರ ಕತ್ತು ಎರಡು ಸಲ ಬಾಗಿಬಿತ್ತು, ಮೂರನೇ ಸಲ ಸೆಟೆದು ನಿಂತಿತು. ಯಜಮಾನರು ಶಿಳ್ಳೆ ಹೊಡೆದರು.

ಹನ್ನೊಂದೂ ಮುಕ್ಕಾಲಿಗೆ ಜೇಬಿಗೆ ಕೈಹಾಕಿದರೆ ಜೇಬು ಖಾಲಿ! ಮೇಜಿನ ಮೇಲಿಲ್ಲ, ಕೆಳಗಿಲ್ಲ. ಸೋಫಾದ ಸಂದಿಯಲ್ಲಿ ಒಂದು ಬಾಚಣಿಗೆ ಸಿಕ್ಕಿತು, ಅಷ್ಟೆ. ಮಗಳು ಮಾತ್ರ ಜಿರಾಫೆಯನ್ನೇ ದಿಟ್ಟಿಸುತ್ತಿದ್ದಳು.

"ಅಪ್ಪಾ, ಇದರ ಕತ್ತು ಹೇಗೆ ನಿಂತಿದೆ?"

"ಒಳಗೆ ಕಡ್ಡಿ ಕೊಟ್ಟಿದೀನಮ್ಮ. ನಮ್ಮ ಕಸುಬಿನ ಪದ್ಧತಿ."

"ಯಾವ ಕಡ್ಡಿ?"

ಅಪ್ಪನ ಕೈ ಮತ್ತೆ ಖಾಲಿ ಜೇಬಿಗೆ ಹೋಯಿತು. ಒಂದು ಕೈಗೆ ಪ್ಲಾಸ್ಟರು ಬಂದರೆ ಇನ್ನೊಂದು ಕೈ ಮೇಜಿನ ಮೇಲಿರುವ ಲೋಹದ ಚೂರನ್ನು ತಡವಿ ಒಳಕ್ಕೆ ಸೇರಿಸುವುದು ಇಪ್ಪತ್ತೆರಡು ವರ್ಷಗಳ ಅಭ್ಯಾಸ. ಇವತ್ತು ಮೇಜಿನ ಮೇಲಿದ್ದ ಲೋಹ ಒಂದೇ, ಬೀಗ ಹಾಕಿ ಬಂದು ಅಲ್ಲಿಟ್ಟಿದ್ದ ಬೀರುವಿನ ಕೀ.

ಅಷ್ಟರಲ್ಲಿ ಬೀರುವಿನೊಳಗೆ ಫೋನು ಹಾಡಿತು.

ಅಮ್ಮನ ಕೈಗೆ ಸುತ್ತಿಗೆ ಬಂತು. ಅಪ್ಪನ ಪ್ಲಾಸ್ಟರು ಹೆಸರುವಾಸಿ, ಸುಲಭಕ್ಕೆ ಬಿರುಕು ಬಿಡುವುದಲ್ಲ.

"ಮೆಲ್ಲಗೆ ಕಣೇ, ಕಾಲು ಹೋಯ್ತು!"

"ಕಾಲಲ್ಲಿ ನೌಕರಿ ಇಲ್ಲರೀ, ಕತ್ತಿಗೆ ಹೊಡೀಬೇಕು, ಸರೀರಿ ಆ ಕಡೆ!"

ಫೋನು ನಿಂತಿತು. ಮಗಳ ಮುಖ ಜಿರಾಫೆಗಿಂತ ಬಿಳಿಯಾಯಿತು. ಐದನೇ ಏಟಿಗೆ ಕತ್ತು ಎರಡಾಗಿ ಕೀ ಹೊರಬಂತು, ಮೈತುಂಬ ಪ್ಲಾಸ್ಟರು ಮೆತ್ತಿಕೊಂಡು. ಬೀಗದೊಳಗೆ ಹೋಗಲೊಲ್ಲದು! ಫೋನು ಮತ್ತೆ ಬಡಿದುಕೊಳ್ಳತೊಡಗಿತು. ಯಜಮಾನರು ಕೆಲಸದ ಚೀಲದಿಂದ ಹಲ್ಲು ಕೆರೆಯುವ ಸಣ್ಣ ಕೊಕ್ಕೆ ಸೆಳೆದು, ಕೀಯ ಒಂದೊಂದು ಹಲ್ಲನ್ನೂ ಬಿಡಿಸಿದರು. ಬೀರು ತೆರೆಯಿತು.

"ಹಲೋ... ನಾನೇ ಮೇಡಂ... ಹೌದು ಮೇಡಂ, ಬರ್ತೀನಿ ಮೇಡಂ!"

ಅಮ್ಮ ಸುತ್ತಿಗೆ ಕೆಳಗಿಟ್ಟರು. ಅಪ್ಪ ಸಂತೋಷದಲ್ಲಿ ಹಿಂದೆ ಸರಿಯಲು ಹೋಗಿ ಬೇಸಿನ್ನಿನೊಳಗೆ ಕಾಲಿಟ್ಟು ಕುರ್ಚಿ ಸಮೇತ ಉರುಳಿದರು.

ಆ ಕಡೆಯಿಂದ ಏನೋ ಕೇಳಿದರು.

"ಗಾಬರಿ ಏನಿಲ್ಲ ಮೇಡಂ," ಎಂದಳು ಮಗಳು. "ನಮ್ಮಪ್ಪ ವಿಶ್ರಾಂತಿ ತಗೋತಿದ್ದಾರೆ."

ಸೋಮವಾರ ಒಂಬತ್ತಕ್ಕೆ ಅವಳು ಕೆಲಸಕ್ಕೆ ಸೇರಬೇಕು.